ಮ್ಯುರ್ದಾಲ್‌ನಿಂದ ಫ್ಲೋಮ್‌ಗೆ: ರೈಲಿನಲ್ಲಿ ಹತ್ತಿ, ಕಾಲ್ನಡಿಗೆಯಲ್ಲಿ ಇಳಿಯಿರಿ

ನಾರ್ವೆಯ ಪಶ್ಚಿಮದ ಬೆಟ್ಟಸಾಲಿನಲ್ಲಿ ಮ್ಯುರ್ದಾಲ್ ಎಂಬ ಪುಟ್ಟ ರೈಲು ನಿಲ್ದಾಣವಿದೆ. ಸಮುದ್ರ ಮಟ್ಟದಿಂದ 867 ಮೀಟರ್ ಎತ್ತರ. ಕಾರು, ಬಸ್ಸು ಹೋಗುವ ರಸ್ತೆ ಅಲ್ಲಿಗಿಲ್ಲ; ರೈಲಿನಲ್ಲಿ ಬರಬೇಕು, ಇಲ್ಲವೇ ಸೈಕಲ್ ತುಳಿದೋ ನಡೆದೋ ಬರಬೇಕು. ಅಲ್ಲಿಂದ ಕವಲೊಡೆದ ಒಂಟಿ ಹಳಿಯ ಮೇಲೆ 20.2 ಕಿಲೋಮೀಟರ್ ಇಳಿದರೆ ಸಿಗುವ ಊರು ಫ್ಲೋಮ್. ಅದರ ಎತ್ತರ ಸಮುದ್ರ ಮಟ್ಟದಿಂದ ಬರೀ 2 ಮೀಟರ್. ಮೇಲೆ ಮರ ಬೆಳೆಯದ ಬೋಳು ಬೆಟ್ಟ, ಜೂನ್ ಬಂದರೂ ಕರಗದ ಹಿಮ. ಕೆಳಗೆ ಹಣ್ಣಿನ ಮರ, ಹುಲ್ಲುಗಾವಲು, ಉಪ್ಪುನೀರು. ನಡುವಿನ ಅಂತರ ರೈಲಿಗೆ ಒಂದು ಗಂಟೆಯೂ ಇಲ್ಲ.

ಈ ಇಳಿಜಾರನ್ನು ದಾಟುವ ದಾರಿಗಳು ಹಲವು. ರೈಲಿದೆ, ಕಾಲುದಾರಿಯಿದೆ, ಸೈಕಲ್ ದಾರಿಯಿದೆ, ಮೂರು ನಾಲ್ಕು ದಿನ ಬೆಟ್ಟದ ಮೇಲೇ ನಡೆದು ಪಕ್ಕದ ಕೊಳ್ಳದಿಂದ ಇಳಿಯುವ ಹಾದಿಯೂ ಇದೆ. ಬಹುಪಾಲು ಪ್ರವಾಸಿಗರು ರೈಲಿನಲ್ಲಿ ಇಳಿದು ದೋಣಿ ಹತ್ತಿ ಹೊರಟುಬಿಡುತ್ತಾರೆ. ಅವರ ಆಯ್ಕೆ ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಅರ್ಧ ನೋಡಿ ಹೊರಟಂತಾಯಿತು ಎನ್ನುತ್ತೇನೆ. ಈ ರೈಲನ್ನು ಇಷ್ಟು ದೊಡ್ಡ ಸಾಹಸವಾಗಿ ಮಾಡಿದ್ದು ಯಾವುದು ಎಂಬುದು ರೈಲಿನೊಳಗೆ ಕೂತವರಿಗೆ ಕಾಣುವುದಿಲ್ಲ. ಅದನ್ನು ನೋಡಲು ಹೊರಗೆ ನಿಲ್ಲಬೇಕು, ಆ ಇಳಿಜಾರು ಮೊಣಕಾಲಿಗೆ ತಿಳಿಯಬೇಕು.

ಮೊದಲಿಗೆ ಈ ಇಳಿಜಾರು ಬಂದದ್ದು ಹೇಗೆ ಎಂಬುದನ್ನು ನೋಡೋಣ. ಹಿಮಯುಗಗಳಲ್ಲಿ ಇಡೀ ಸ್ಕ್ಯಾಂಡಿನೇವಿಯಾದ ಮೇಲೆ ಮಂಜುಗಡ್ಡೆಯ ದಪ್ಪ ಹೊದಿಕೆ ಇತ್ತು. ಆ ಗಡ್ಡೆ ಸುಮ್ಮನೆ ಕೂರದೆ, ಹಳೆಯ ನದಿ ಕಣಿವೆಗಳ ಗುಂಟ ಮೆಲ್ಲಗೆ ಕಡಲಿನತ್ತ ಸರಿಯುತ್ತ, ತಳದಲ್ಲಿ ಸಿಕ್ಕ ಬಂಡೆಯನ್ನು ಕಿತ್ತು ಉಜ್ಜುತ್ತ ಹೋಯಿತು. ನದಿ ಕಡಲ ಮಟ್ಟ ತಲುಪಿದ ಮೇಲೆ ಅದಕ್ಕಿಂತ ಆಳಕ್ಕೆ ಕೊರೆಯಲಾರದು. ಹಿಮನದಿಗೆ ಆ ಕಟ್ಟುಪಾಡಿಲ್ಲ. ತನ್ನ ಭಾರದಿಂದಲೇ ಕಡಲ ಮಟ್ಟದ ಕೆಳಗೂ ಕೆತ್ತುತ್ತದೆ. ಹಿಮ ಕರಗಿದಾಗ ಆ ಆಳದ ಕಣಿವೆಗಳೊಳಗೆ ಸಮುದ್ರ ನುಗ್ಗಿತು. ಅದೇ ಫ್ಯೋರ್ಡ್. ಇವುಗಳಲ್ಲಿ ನಾರ್ವೆಗೆ ಅತಿ ಉದ್ದದ್ದು ಸೋಗ್ನೆಫ್ಯೋರ್ಡ್. ಕಡಲಿನಿಂದ 200 ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ಚಾಚಿಕೊಂಡಿದೆ, ಅತಿ ಆಳದ ಜಾಗದಲ್ಲಿ 1,308 ಮೀಟರ್ ನೀರಿದೆ. ಅದರ ಒಂದು ಕವಲು ಔರ್‌ಲಾಂಡ್ಸ್‌ಫ್ಯೋರ್ಡ್, ಆ ಕವಲಿನ ತುದಿಯಲ್ಲಿ ಫ್ಲೋಮ್.

ಮುಖ್ಯ ಕಣಿವೆಯ ಹಿಮನದಿ ದಪ್ಪ, ಪಕ್ಕದಿಂದ ಬಂದು ಸೇರುವವು ತೆಳು. ತೆಳುವಾದವು ಅಷ್ಟು ಆಳಕ್ಕೆ ಕೊರೆಯಲಿಲ್ಲ. ಹೀಗಾಗಿ ಪಕ್ಕದ ಕಣಿವೆಗಳ ತಳ ಮುಖ್ಯ ಕಣಿವೆಯ ಗೋಡೆಯ ಮೇಲೆಲ್ಲೋ ತೆರೆದುಕೊಂಡು ನಿಂತಿದೆ. ಅಲ್ಲಿಂದ ಬರುವ ಹಳ್ಳಗಳಿಗೆ ಧುಮುಕುವುದೊಂದೇ ದಾರಿ. ಫ್ಲೋಮ್ ಕಣಿವೆಯಲ್ಲಿ ಎತ್ತ ತಿರುಗಿದರೂ ಜಲಪಾತ ಕಾಣುವುದು ಇದೇ ಕಾರಣಕ್ಕೆ. ಎಂಜಿನಿಯರುಗಳ ತಲೆನೋವೂ ಇದೇ ಆಗಿತ್ತು. ಕಣಿವೆಯ ಕೆಳಭಾಗ ಅಷ್ಟು ಕಠಿಣವಲ್ಲ. ಮೇಲಿನ ಕೆಲವೇ ಕಿಲೋಮೀಟರಿನಲ್ಲಿ, ಮ್ಯುರ್ದಾಲ್‌ನಿಂದ ಕೋರ್ದಾಲ್ ಎಂಬ ಹಟ್ಟಿಯವರೆಗೆ, ಬೆಟ್ಟ ಒಮ್ಮೆಲೇ ಮುನ್ನೂರು ಮೀಟರ್ ಕೆಳಗಿಳಿಯುತ್ತದೆ. ರೈಲಿಗೆ ಮೆಟ್ಟಿಲು ಕಟ್ಟಲಾಗುವುದಿಲ್ಲವಲ್ಲ.

ಈ ಇಳಿಜಾರಿನಲ್ಲಿ ರೈಲಿಗಿಂತ ಮೊದಲು ರಸ್ತೆ ಬಂತು. ರಾಜಧಾನಿ ಓಸ್ಲೋವನ್ನೂ ಪಶ್ಚಿಮ ಕರಾವಳಿಯ ಬೆರ್ಗೆನ್ ನಗರವನ್ನೂ ಬೆಟ್ಟದ ನೆತ್ತಿಯ ಮೇಲಿಂದ ಜೋಡಿಸುವ ಬೆರ್ಗೆನ್ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1909ರಲ್ಲಿ. ಅದರ ಕೆಲಸ ನಡೆದದ್ದು ವರ್ಷದ ಬಹುಪಾಲು ಹಿಮ ಮುಚ್ಚಿರುವ, ಹಳ್ಳಿಯಿಲ್ಲದ, ದಾರಿಯಿಲ್ಲದ ಪ್ರಸ್ಥಭೂಮಿಯಲ್ಲಿ. ಮ್ಯುರ್ದಾಲ್‌ನ ಪಕ್ಕದಲ್ಲೇ 5.3 ಕಿಲೋಮೀಟರ್ ಉದ್ದದ ಗ್ರಾವ್‌ಹಾಲ್ಸ್ ಸುರಂಗ ಕೊರೆಯಬೇಕಿತ್ತು. ಕೆಲಸಗಾರರಿಗೆ ಹಿಟ್ಟು, ಉಪ್ಪುಮೀನು, ಮರ, ಕಬ್ಬಿಣ, ಡೈನಮೈಟ್ ಎಲ್ಲವೂ ಅಲ್ಲಿಗೆ ತಲುಪಬೇಕು. ಹಡಗಿನಲ್ಲಿ ಫ್ಯೋರ್ಡ್ ತುದಿಯವರೆಗೆ ತಂದು, ಅಲ್ಲಿಂದ ಕುದುರೆ ಗಾಡಿಯಲ್ಲಿ ಬೆಟ್ಟಕ್ಕೆ ಸಾಗಿಸುವುದೊಂದೇ ಉಪಾಯ. ಹೀಗೆ ಹುಟ್ಟಿದ ದಾರಿಗೆ ಇವತ್ತು ರಾಲ್ಲರ್‌ವೇಗೆನ್ ಎನ್ನುತ್ತಾರೆ. ರಾಲ್ಲರ್ ಎಂದರೆ ಊರೂರು ಅಲೆಯುತ್ತ ರೈಲು ಮಾರ್ಗದ ಕೆಲಸ ಮಾಡುತ್ತಿದ್ದ ಕೂಲಿಯಾಳು. ಪೂರ್ವದ ಹೌಗಾಸ್ತೋಲ್‌ನಿಂದ ಹೊರಟು ಫಿನ್ಸೆ, ಹಾಲಿಂಗ್‌ಶೈಡ್, ಮ್ಯುರ್ದಾಲ್ ದಾಟಿ ಫ್ಲೋಮ್‌ವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ದಾರಿ ಇದು. 1974ರಿಂದ ಸೈಕಲ್ ಸವಾರರಿಗೆ ತೆರೆದುಕೊಂಡಿದೆ.

ಮ್ಯುರ್ದಾಲ್‌ನಿಂದ ಫ್ಲೋಮ್‌ಗೆ ಕವಲು ಮಾರ್ಗದ ಕೆಲಸ ಶುರುವಾದದ್ದು 1924ರಲ್ಲಿ. ಸೋಗ್ನೆಫ್ಯೋರ್ಡ್‌ನ ದಂಡೆಯ ಊರುಗಳಿಗೆ ದೇಶದ ಮುಖ್ಯ ರೈಲು ಜಾಲದ ಸಂಪರ್ಕ ಸಿಗಲಿ ಎಂಬುದು ಉದ್ದೇಶ. ಪ್ರವಾಸಿಗರ ಮಾತು ಆಮೇಲಿನದು. ಮಾರ್ಗದಲ್ಲಿ 20 ಸುರಂಗಗಳಿವೆ, ಒಟ್ಟು ಉದ್ದ ಹತ್ತಿರಹತ್ತಿರ 5.7 ಕಿಲೋಮೀಟರ್. ಅವುಗಳಲ್ಲಿ 18 ಸುರಂಗಗಳನ್ನು ಕೈಯಿಂದಲೇ ತೋಡಿದರು. ಕೈಯಿಂದ ಎಂದರೆ ಹೀಗೆ: ಒಬ್ಬ ಉಕ್ಕಿನ ಉದ್ದ ಉಳಿಯನ್ನು ಬಂಡೆಗೆ ಒತ್ತಿ ಹಿಡಿದು ಕೂರುತ್ತಾನೆ, ಇನ್ನೊಬ್ಬ ಅಥವಾ ಇಬ್ಬರು ಸುತ್ತಿಗೆಯಿಂದ ಅದರ ತಲೆಗೆ ಬಡಿಯುತ್ತಾರೆ. ಒಂದೊಂದು ಪೆಟ್ಟಿಗೂ ಹಿಡಿದವನು ಉಳಿಯನ್ನು ಸ್ವಲ್ಪ ತಿರುಗಿಸಬೇಕು, ಇಲ್ಲದಿದ್ದರೆ ಅದು ಕಚ್ಚಿಕೊಳ್ಳುತ್ತದೆ. ತೂತಿನೊಳಗೆ ಸೇರಿದ ಕಲ್ಲಿನ ಪುಡಿಯನ್ನು ಆಗಾಗ ಕೆರೆದು ತೆಗೆಯಬೇಕು. ಸಾಲಾಗಿ ತೂತು ಬಿದ್ದ ಮೇಲೆ ಸಿಡಿಮದ್ದು ತುಂಬಿ ಸಿಡಿಸಿ, ಹೊಗೆ ಇಳಿಯಲು ಕಾದು, ಕಲ್ಲನ್ನು ಹೊತ್ತು ಹೊರಹಾಕಬೇಕು. ಕೈಯಿಂದ ತೋಡಿದ ಸುರಂಗದ ಒಂದು ಮೀಟರಿಗೆ ಒಬ್ಬ ಆಳಿನ ಒಂದು ತಿಂಗಳ ದುಡಿಮೆ ಎಂಬ ಲೆಕ್ಕ ಫ್ಲೋಮ್‌ನಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಹದಿನಾರು ವರ್ಷ ಹಿಡಿದದ್ದು ಏಕೆಂದು ಬೇರೆ ಹೇಳಬೇಕಿಲ್ಲ.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಯನ್ನು ಆಕ್ರಮಿಸಿತು. ಫ್ಲೋಮ್ ಮಾರ್ಗದಲ್ಲಿ ಅದೇ ಆಗಸ್ಟ್‌ನಲ್ಲಿ ಉಗಿಬಂಡಿಗಳನ್ನು ಹೂಡಿ ಅವಸರದಿಂದಲೇ ಸರಕು ಸಾಗಣೆ ಆರಂಭವಾಯಿತು. ಮರುವರ್ಷ ಪ್ರಯಾಣಿಕರು ಹತ್ತಿದರು, 1944ರಲ್ಲಿ ವಿದ್ಯುತ್ ಎಂಜಿನ್ ಬಂತು. ಅದಕ್ಕೆ ಬೇಕಾದ ವಿದ್ಯುತ್ತಿಗೆಂದೇ ದಾರಿಯ ಪಕ್ಕದ ಕ್ಯೋಸ್‌ಫೊಸೆನ್ ಜಲಪಾತದಲ್ಲಿ ವಿದ್ಯುದಾಗಾರ ಕಟ್ಟಿದರು. ಬೆಟ್ಟದಿಂದ ಬೀಳುವ ನೀರೇ ಬೆಟ್ಟ ಹತ್ತುವ ರೈಲನ್ನು ಎಳೆಯುವ ಏರ್ಪಾಡು. ಈ ಮಾರ್ಗದ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಈಗ ರೈಲು ಹತ್ತೋಣ. ಓಸ್ಲೋ ಕಡೆಯಿಂದ ಬರುವವರಿಗೆ ಮ್ಯುರ್ದಾಲ್ ನಾಲ್ಕೂವರೆ ಐದು ಗಂಟೆಯ ದಾರಿ, ಬೆರ್ಗೆನ್ ಕಡೆಯಿಂದ ಎರಡು ಎರಡೂವರೆ ಗಂಟೆ. ದೊಡ್ಡ ರೈಲಿಳಿದು ಅದೇ ನಿಲ್ದಾಣದಲ್ಲಿ ಕಾದಿರುವ ಹಸಿರು ಬಣ್ಣದ ರೈಲಿಗೆ ಬದಲಾಯಿಸಬೇಕು. ಹಳಿಯ ಅಗಲ ಯುರೋಪಿನ ಸಾಮಾನ್ಯ ಅಳತೆಯದೇ, 1,435 ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಕೆಲವು ಬೆಟ್ಟದ ರೈಲುಗಳಲ್ಲಿ, ನಮ್ಮ ಊಟಿ ರೈಲಿನಲ್ಲಿ ಇರುವ ಹಲ್ಲಿನ ಪಟ್ಟಿ ಇಲ್ಲಿಲ್ಲ. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ, ಅವೆರಡರ ನಡುವಿನ ಹಿಡಿತವೊಂದೇ ಆಧಾರ. ಮಾರ್ಗದ ಶೇಕಡ 80ರಷ್ಟು ಭಾಗದ ಇಳಿಜಾರು 18 ಮೀಟರಿಗೆ ಒಂದು ಮೀಟರ್. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಅದು 50 ಮೀಟರಿಗೆ ಒಂದು ಮೀಟರ್, ಅದಕ್ಕೇ ಹಿಂದೆ ಮುಂದೆ ಹೆಚ್ಚುವರಿ ಎಂಜಿನ್ ಬೇಕಾಗುತ್ತದೆ. ಆ ಘಾಟಿ ಹತ್ತಿದವರಿಗೆ ಫ್ಲೋಮ್‌ನ ಕಡಿದು ಎಷ್ಟೆಂದು ಥಟ್ಟನೆ ತಿಳಿದೀತು. ಇಲ್ಲಿಯೂ ರೈಲಿನ ಎರಡೂ ತುದಿಗೆ ಎಂಜಿನ್ ಇರುತ್ತದೆ. ಹತ್ತುವಾಗ ಗಂಟೆಗೆ 40 ಕಿಲೋಮೀಟರ್, ಇಳಿಯುವಾಗ 30, ಅದಕ್ಕಿಂತ ಜೋರಿಲ್ಲ.

ಮ್ಯುರ್ದಾಲ್ ಬಿಟ್ಟ ಸ್ವಲ್ಪ ಹೊತ್ತಿಗೇ ವಾಟ್ನಾಹಾಲ್ಸೆನ್. ಅಲ್ಲಿ ರೈಲು ಬೆಟ್ಟದೊಳಗೆ ಹೊಕ್ಕು, ಸುರಂಗದಲ್ಲೇ ಅರ್ಧ ಸುತ್ತು ಹೊಡೆದು, ಬಂದ ದಿಕ್ಕಿಗೇ ಮುಖ ಮಾಡಿ ಹೊರಬರುತ್ತದೆ. ಕೂತವರಿಗೆ ಇದು ಗೊತ್ತಾಗುವುದೇ ಇಲ್ಲ. ಎಡಕ್ಕಿದ್ದ ಕಣಿವೆ ಬಲಕ್ಕೆ ಬಂದದ್ದು ಹೇಗೆಂದು ಕೆಲವರು ತಬ್ಬಿಬ್ಬಾಗುತ್ತಾರೆ. ಬಳಿಕ ರೈನುಂಗಾ ಸರೋವರ, ಆಮೇಲೆ ಕ್ಯೋಸ್‌ಫೊಸೆನ್. ಬೇಸಿಗೆಯಲ್ಲಿ ಇಲ್ಲಿ ಐದು ನಿಮಿಷ ನಿಲ್ಲಿಸಿ, ಮರದ ಅಟ್ಟಣೆಯ ಮೇಲೆ ಎಲ್ಲರನ್ನೂ ಇಳಿಸುತ್ತಾರೆ. ಜಲಪಾತದ ಹನಿ ಮುಖಕ್ಕೆ ರಾಚುತ್ತದೆ, ಮಾತಾಡಿದ್ದು ಕೇಳಿಸುವುದಿಲ್ಲ. ಆಗ ಬಂಡೆಯ ಮೇಲಿನ ಪಾಳುಮನೆಯ ಪಕ್ಕದಿಂದ ಕೆಂಪು ಉಡುಪಿನ ಹೆಣ್ಣೊಬ್ಬಳು ಹಾಡಿನೊಂದಿಗೆ ಕಾಣಿಸಿಕೊಂಡು ಕುಣಿಯುತ್ತಾಳೆ. ಗಂಡಸರನ್ನು ಮರುಳುಗೊಳಿಸಿ ಕಾಡಿಗೆ ಸೆಳೆದೊಯ್ಯುವ, ಬೆನ್ನ ಹಿಂದೆ ಹಸುವಿನ ಬಾಲ ಬಚ್ಚಿಟ್ಟುಕೊಂಡ ಹುಲ್ದ್ರಾ ಎಂಬ ಮೋಹಿನಿ ನಾರ್ವೆಯ ಜಾನಪದದಲ್ಲಿದ್ದಾಳೆ, ಅವಳ ವೇಷ ಇದು. ಕುಣಿಯುವವರು ಬ್ಯಾಲೆ ಕಲಿಯುವ ವಿದ್ಯಾರ್ಥಿಗಳು. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಜಲಪಾತವನ್ನಷ್ಟೇ ನೋಡಬೇಕೆನ್ನುವವರು ಅಟ್ಟಣೆಯ ಕೊನೆಗೆ ಸರಿದು, ನೀರಿನ ಬುಡದಲ್ಲಿರುವ ವಿದ್ಯುದಾಗಾರದ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಲಿ.

ಅಲ್ಲಿಂದ ಮುಂದೆ ಮಾರ್ಗದ ಅತಿ ಉದ್ದದ ಸುರಂಗ, ನೋಲಿ, 1.3 ಕಿಲೋಮೀಟರ್. ಬೇಸರವಾಗುವುದು ಇಲ್ಲಿಯೇ. ಹಳಿ ಒಂದೇ ಗುಡ್ಡದ ಮೈಯಲ್ಲಿ ಮೇಲೆ ಕೆಳಗೆ ನಾಲ್ಕು ಹಂತವಾಗಿ ಹಾದುಹೋಗಿರುವುದು ಈ ಭಾಗದಲ್ಲಿ, ಮತ್ತು ಆ ಹಂತಗಳ ಬಹುಪಾಲು ಬಂಡೆಯ ಒಳಗಿದೆ. ನಡುನಡುವೆ ಒಂದೆರಡು ಕ್ಷಣ ಕಿಂಡಿಯಲ್ಲಿ ಬೆಳಕು, ಎದುರಿನ ಬೆಟ್ಟ, ಕೆಳಗೆ ಬಿಳಿ ಗೆರೆಯಾದ ನದಿ. ಕ್ಯಾಮೆರಾ ಎತ್ತುವಷ್ಟರಲ್ಲಿ ಮತ್ತೆ ಕತ್ತಲು. ನದಿಯನ್ನು ದಾಟಲು ಸೇತುವೆ ಕಟ್ಟುವ ಬದಲು ಮೂರು ಕಡೆ ನದಿಗೇ ಸುರಂಗ ತೋಡಿ ಅದನ್ನು ಹಳಿಯ ಅಡಿಯಿಂದ ಸಾಗಿಸಿದ್ದಾರೆ. ಇದೂ ರೈಲಿನಿಂದ ಕಾಣುವುದಿಲ್ಲ. ಬೆರೆಕ್ವಾಮ್ ಎಂಬಲ್ಲಿ ಹಳಿ ಎರಡಾಗಿ ಹೋಗುವ ರೈಲಿಗೂ ಬರುವ ರೈಲಿಗೂ ಜಾಗ ಕೊಡುತ್ತದೆ. ಅಲ್ಲಿಂದಾಚೆ ಕಣಿವೆ ಅಗಲವಾಗಿ ತೋಟ, ಮನೆ, ಹದಿನೇಳನೆಯ ಶತಮಾನದ ಮರದ ಚರ್ಚು ಕಾಣುತ್ತವೆ; ಕೊನೆಗೆ ರೈಲು ಫ್ಯೋರ್ಡ್ ದಂಡೆಗೆ ಬಂದು ನಿಲ್ಲುತ್ತದೆ.

ಈ ರೈಲು ಒಂದು ಕಾಲಕ್ಕೆ ಮುಚ್ಚಿಹೋಗುವ ಹಾದಿಯಲ್ಲಿತ್ತು. 1991ರಲ್ಲಿ ಗುಡ್‌ವಾಂಗೆನ್ ಮತ್ತು ಫ್ಲೋಮ್ ನಡುವೆ 11.4 ಕಿಲೋಮೀಟರಿನ ರಸ್ತೆ ಸುರಂಗ ತೆರೆಯಿತು, ಜನರೂ ಸರಕೂ ರಸ್ತೆಗೆ ಇಳಿದವು. ಫ್ಯೋರ್ಡ್ ದಂಡೆಯ ಊರುಗಳಿಗೆ ರೈಲು ಅನಿವಾರ್ಯವಲ್ಲದಾಯಿತು. 1990ರ ದಶಕದ ಕೊನೆಗೆ ಸ್ಥಳೀಯ ಕಂಪನಿಯೊಂದು ಇದನ್ನು ಪ್ರವಾಸಿ ರೈಲನ್ನಾಗಿ ನಡೆಸುವ ಹೊಣೆ ಹೊತ್ತ ಮೇಲೆ ಚಿತ್ರವೇ ಬದಲಾಯಿತು. ಇವತ್ತು ವರ್ಷಕ್ಕೆ ಲಕ್ಷಗಟ್ಟಲೆ ಜನ ಹತ್ತುತ್ತಾರೆ. ಕೆಲವೇ ನೂರು ಜನ ವಾಸವಿರುವ ಊರು ಅದು. ಬಂದರಿನಲ್ಲಿ ಒಂದು ದೊಡ್ಡ ಕ್ರೂಸ್ ಹಡಗು ನಿಂತರೆ, ಊರಿನ ಜನಸಂಖ್ಯೆಯ ಹತ್ತು ಪಟ್ಟು ಮಂದಿ ಒಂದೇ ಬೆಳಗ್ಗೆ ಇಳಿಯುತ್ತಾರೆ. ಅಂಥ ದಿನ ಹತ್ತರಿಂದ ನಾಲ್ಕರವರೆಗೆ ಫ್ಲೋಮ್ ನಿಲ್ದಾಣದ ಕಡೆ ಸುಳಿಯದಿರುವುದೇ ಲೇಸು. ಬೆಳಗಿನ ಮೊದಲ ರೈಲು, ಸಂಜೆಯ ಕೊನೆಯ ರೈಲು ಖಾಲಿ ಇರುತ್ತವೆ. ನಾರ್ವೆಯ ಜೂನ್, ಜುಲೈನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವುದರಿಂದ ಸಂಜೆಯ ರೈಲಿನಲ್ಲಿ ನೋಡುವುದಕ್ಕೇನೂ ಕೊರತೆಯಾಗದು.

ನನ್ನ ಸಲಹೆ ಇಷ್ಟು: ಫ್ಲೋಮ್‌ನಲ್ಲಿ ರಾತ್ರಿ ತಂಗಿ, ಬೆಳಗಿನ ಮೊದಲ ರೈಲಿನಲ್ಲಿ ಮೇಲಕ್ಕೆ ಹೋಗಿ, ರಾಲ್ಲರ್‌ವೇಗೆನ್ ಹಿಡಿದು ನಡೆದು ಇಳಿಯಿರಿ. ಪೂರ್ತಿ ದಾರಿ ಸುಮಾರು 20 ಕಿಲೋಮೀಟರ್. ಎಲ್ಲೂ ದಾರಿ ತಪ್ಪುವ ಭಯವಿಲ್ಲ, ಬಂಡೆ ಹತ್ತುವ ಪ್ರಮೇಯವಿಲ್ಲ. ನಿಧಾನವಾಗಿ, ಅಲ್ಲಲ್ಲಿ ಕೂತು ಬುತ್ತಿ ಬಿಚ್ಚಿ ತಿಂದು ನಡೆದರೂ ಐದಾರು ಗಂಟೆ ಸಾಕು. ಅಷ್ಟು ಆಗದವರಿಗೆ ದಾರಿಯ ನಡುವೆ ಸಣ್ಣ ನಿಲ್ದಾಣಗಳಿವೆ. ಮಾರ್ಗದ ಅರ್ಧಕ್ಕಿರುವ ಬೆರೆಕ್ವಾಮ್‌ವರೆಗೆ ನಡೆದು ಅಲ್ಲಿ ರೈಲು ಹತ್ತಬಹುದು. ಇಲ್ಲವೇ ಅಲ್ಲಿ ಇಳಿದು ಕೆಳಗಿನ ಸಲೀಸಾದ ಅರ್ಧವನ್ನು ಮಾತ್ರ ನಡೆಯಬಹುದು. ವಯಸ್ಸಾದವರಿಗೂ ಮಕ್ಕಳಿಗೂ ಎರಡನೆಯದು ಒಳ್ಳೆಯದು. ಆದರೆ ಮೊಣಕಾಲು ಗಟ್ಟಿಯಿರುವವರು ಮೇಲಿನ ಅರ್ಧವನ್ನು ಬಿಡಬಾರದು, ಏಕೆಂದರೆ ವಿಷಯವಿರುವುದು ಅಲ್ಲಿ.

ಮ್ಯುರ್ದಾಲ್‌ನಿಂದ ಹೊರಟ ದಾರಿ ಸ್ವಲ್ಪ ದೂರ ಸಮತಟ್ಟು. ಆಮೇಲೆ ಮ್ಯುರ್ದಾಲ್ಸ್‌ಬೆರ್ಗೆ ಎಂಬ ಬೆಟ್ಟದ ಅಂಚು ಬರುತ್ತದೆ, ಅಲ್ಲಿಂದ 21 ಹಿಮ್ಮುರಿ ತಿರುವುಗಳು. ಮೇಲಿನ ತಿರುವಿನಲ್ಲಿ ನಿಂತರೆ ಕೆಳಗಿನವೆಲ್ಲ ಒಂದರ ಕೆಳಗೊಂದು ಕಾಣುತ್ತವೆ. ಒಂದೊಂದು ತಿರುವಿನ ಹೊರಮೈಗೂ ಕಲ್ಲಿನ ಕಟ್ಟೆ ಇದೆ. ಬಗ್ಗಿ ನೋಡಿ: ದೊಡ್ಡ ಕಲ್ಲು ತಳಕ್ಕೆ, ಸಣ್ಣದು ಸಂದಿಗೆ, ಕಟ್ಟೆ ತುಸು ಒಳಕ್ಕೆ ವಾಲಿದೆ, ಮಳೆನೀರು ಬಸಿದುಹೋಗಲು ಅಲ್ಲಲ್ಲಿ ಕಿಂಡಿ ಬಿಟ್ಟಿದ್ದಾರೆ. ನೂರಿಪ್ಪತ್ತಕ್ಕೂ ಹೆಚ್ಚು ಚಳಿಗಾಲ ಕಳೆದಿವೆ, ಪ್ರತಿ ವಸಂತದಲ್ಲೂ ಹಿಮ ಕರಗಿ ನೀರು ಇದರ ಮೇಲೆ ಹರಿದಿದೆ, ಕಟ್ಟೆ ನಿಂತಿದೆ. ಭಾರದ ಗಾಡಿ ಎಳೆಯುವ ಕುದುರೆ ಒಂದೊಂದು ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಬರಿಗೈಯಲ್ಲಿ ಇಳಿಯುವವರಿಗೂ ಹತ್ತನೆಯ ತಿರುವಿನ ಹೊತ್ತಿಗೆ ತೊಡೆ ನಡುಗುತ್ತದೆ.

ತಿರುವುಗಳು ಮುಗಿದು ಕಣಿವೆಯ ತಳ ಮುಟ್ಟಿದ ಮೇಲೆ ಹಿಂತಿರುಗಿ ನಿಲ್ಲಿ. ರೈಲಿನಲ್ಲಿ ಕಾಣದೇ ಹೋದದ್ದು ಈಗ ಒಂದೇ ನೋಟಕ್ಕೆ ಸಿಗುತ್ತದೆ. ಬಂಡೆಯ ಗೋಡೆಯಲ್ಲಿ ಒಂದರ ಮೇಲೊಂದು ಕಪ್ಪು ಕಿಂಡಿಗಳು, ಅವುಗಳ ನಡುವೆ ತುಂಡು ತುಂಡಾಗಿ ಹಳಿ. ಸ್ವಲ್ಪ ಹೊತ್ತು ಕಾದರೆ ರೈಲು ಬರುತ್ತದೆ: ಮೇಲಿನ ಕಿಂಡಿಯಲ್ಲಿ ಹಸಿರು ಡಬ್ಬಿ ಮಿಂಚಿ ಮಾಯವಾಗಿ, ಕೆಲವು ನಿಮಿಷದ ಮೇಲೆ ಕೆಳಗಿನ ಹಂತದಲ್ಲಿ ಎದುರು ದಿಕ್ಕಿಗೆ ಹೊರಟಿರುತ್ತದೆ. ಆ ಗೋಡೆಯೊಳಗೆ ಅದು ಸುತ್ತಿದ ಸುತ್ತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಾಗ, ಅಳತೆ ಹಿಡಿದು ಇದನ್ನು ಕಾಗದದ ಮೇಲೆ ಮೊದಲು ಬರೆದವರ ಬುದ್ಧಿಯ ಬಗ್ಗೆ ಗೌರವ ಬಾರದೆ ಇರದು.

ಕೋರ್ದಾಲ್‌ನಲ್ಲಿ ಮೇಕೆ ಸಾಕಿ ಗಿಣ್ಣು ಮಾಡುವ ಬೇಸಿಗೆ ಹಟ್ಟಿಯಿದೆ. ಇಲ್ಲಿನ ಕಂದು ಗಿಣ್ಣನ್ನು ನಮ್ಮವರು ಒಮ್ಮೆ ರುಚಿ ನೋಡಬೇಕು. ಗಿಣ್ಣು ತೆಗೆದ ಮೇಲೆ ಉಳಿಯುವ ತಿಳಿನೀರಿಗೆ ಹಾಲು, ಕೆನೆ ಬೆರೆಸಿ ಗಂಟೆಗಟ್ಟಲೆ ಕುದಿಸಿ ಬತ್ತಿಸುತ್ತಾರೆ. ಹಾಲಿನ ಸಕ್ಕರೆ ಕಂದಿ, ಖೋವಾದ ಸಿಹಿಯೂ ಸ್ವಲ್ಪ ಉಪ್ಪೂ ಬೆರೆತ ರುಚಿ ಬರುತ್ತದೆ. ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲೆ ಹಾಕಿಕೊಳ್ಳುವುದು ರೂಢಿ. ಔರ್‌ಲಾಂಡ್ಸ್‌ಫ್ಯೋರ್ಡ್‌ನ ಉಂಡ್ರೆದಾಲ್ ಎಂಬ ಹಳ್ಳಿಯ ಮೇಕೆ ಗಿಣ್ಣಿಗೆ ಇಡೀ ದೇಶದಲ್ಲಿ ಹೆಸರಿದೆ. ನಡೆದು ಬಳಲಲು ಮನಸ್ಸಿಲ್ಲದವರು ವಾಟ್ನಾಹಾಲ್ಸೆನ್‌ನಿಂದ ಕೋರ್ದಾಲ್‌ಗೆ ತಂತಿಯ ಮೇಲೆ ಜಾರಿಯೂ ಬರಬಹುದು. 2019ರಲ್ಲಿ ಹಾಕಿದ ಆ ಜಿಪ್‌ಲೈನ್ 1,381 ಮೀಟರ್ ಉದ್ದ, 305 ಮೀಟರ್ ಇಳಿತ. ರೋಮಾಂಚನ ಬೇಕಾದವರಿಗೆ ಅದು ಸರಿ, ಆದರೆ ಒಂದೂವರೆ ನಿಮಿಷದಲ್ಲಿ ಆ 21 ತಿರುವುಗಳೂ ಕೈತಪ್ಪಿ ಹೋಗುತ್ತವೆ.

ಇಲ್ಲಿ ನಮ್ಮ ಘಾಟಿಯ ಮಾತು ಇನ್ನೊಮ್ಮೆ ಬರಲೇಬೇಕು. ದೋಣಿಗಾಲ್, ಎಡಕುಮೇರಿ ಕಡೆಯ ಹಳಿಯ ಗುಂಟ ನಡೆಯುವ ಹುಚ್ಚು ಕರ್ನಾಟಕದ ಚಾರಣಿಗರಿಗೆ ವರ್ಷಗಟ್ಟಲೆ ಇತ್ತು. 57 ಸುರಂಗಗಳ ಆ ಮಾರ್ಗದಲ್ಲಿ ನಡೆಯುವುದನ್ನು ರೈಲ್ವೆ ನಿಷೇಧಿಸಿದೆ, ನಿಷೇಧಿಸಿದ್ದು ಸರಿಯೇ. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಎಡೆಯಿಲ್ಲ. ಫ್ಲೋಮ್‌ನಲ್ಲಿ ರೈಲಿಗೂ ನಡೆಯುವವರಿಗೂ ತಿಕ್ಕಾಟವಿಲ್ಲದಿರುವುದು ಕೂಲಿಗಳ ಹಳೆಯ ರಸ್ತೆ ಬೇರೆಯಾಗಿ ಉಳಿದದ್ದರಿಂದ. ಕೆಲಸ ಮುಗಿದೊಡನೆ ಅದನ್ನು ಕಾಡಿಗೆ ಬಿಟ್ಟಿದ್ದರೆ ಇವತ್ತು ಅಲ್ಲಿಯೂ ಕಿಟಕಿಯಿಂದ ಕಂಡದ್ದೇ ಗತಿಯಾಗುತ್ತಿತ್ತು. ನಮ್ಮ ಘಾಟಿಯಲ್ಲೂ ಹಳಿಯಿಂದ ದೂರವಿರುವ ಒಂದು ನಡೆದಾರಿಯನ್ನು, ಕಾಡಿಗೆ ಧಕ್ಕೆಯಾಗದ ಹಾಗೆ, ಗುರುತಿಸಿ ಕೊಟ್ಟರೆ ನಡೆಯುವ ಆಸೆಯವರು ಕಳ್ಳದಾರಿ ಹಿಡಿಯಬೇಕಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಬೆರೆಕ್ವಾಮ್ ಕೆಳಗೆ ದಾರಿ ನದಿಯ ಜೊತೆಗೇ ಸಾಗುತ್ತದೆ. ನೀರು ಹಸಿರು ಗಾಜಿನ ಬಣ್ಣ, ತಳದ ಕಲ್ಲೂ ಕಾಣುವಷ್ಟು ತಿಳಿ. ನೋಡಲು ಸಾಧುವಾದ ಈ ಹೊಳೆ 2014ರ ಅಕ್ಟೋಬರ್ ಕೊನೆಯಲ್ಲಿ ಉಕ್ಕಿ ದಂಡೆಯ ಮನೆಗಳನ್ನು ಕೊಚ್ಚಿತ್ತು; ಅಲ್ಲಲ್ಲಿ ಹೊಸದಾಗಿ ಪೇರಿಸಿದ ಬಂಡೆಗಳು ಅದರ ನೆನಪಿನವು. ಫ್ಲೋಮ್ ಹತ್ತಿರ ಬಂದಾಗ ಬ್ರೆಕ್ಕೆಫೊಸೆನ್ ಜಲಪಾತಕ್ಕೆ ಹತ್ತುವ ಕಲ್ಲು ಮೆಟ್ಟಿಲ ದಾರಿ ಸಿಗುತ್ತದೆ. ಆ ಮೆಟ್ಟಿಲುಗಳನ್ನು ಜೋಡಿಸಿದವರು ನೇಪಾಳದ ಶೆರ್ಪಾಗಳು. ಹಿಮಾಲಯದಲ್ಲಿ ತಲೆಮಾರುಗಳಿಂದ ಕಲಿತ ಕೈಕೆಲಸವನ್ನು ನಾರ್ವೆಯ ಹತ್ತಾರು ಬೆಟ್ಟಗಳಲ್ಲಿ ಅವರು ಮಾಡಿಕೊಟ್ಟಿದ್ದಾರೆ. ಕಾಲಲ್ಲಿ ಕಸುವು ಉಳಿದಿದ್ದರೆ ಹತ್ತಿ, ಊರು, ಕಣಿವೆ, ಫ್ಯೋರ್ಡ್ ಮೂರೂ ಒಟ್ಟಿಗೆ ಕಾಣುತ್ತವೆ.

ಸೈಕಲ್ಲಿನವರ ಕಥೆ ಬೇರೆ. ಅವರು ಸಾಮಾನ್ಯವಾಗಿ ಹೌಗಾಸ್ತೋಲ್ ಅಥವಾ 1,222 ಮೀಟರ್ ಎತ್ತರದ ಫಿನ್ಸೆಯಲ್ಲಿ ಬಾಡಿಗೆ ಸೈಕಲ್ ಹಿಡಿದು, ಫ್ಲೋಮ್‌ನಲ್ಲಿ ಒಪ್ಪಿಸಿ, ರೈಲಿನಲ್ಲಿ ಹಿಂತಿರುಗುತ್ತಾರೆ. ಫಿನ್ಸೆಯಲ್ಲಿ ಇಳಿದರೆ ಎದುರಿಗೇ ಹಾರ್ದಾಂಗರ್‌ಯೋಕುಲೆನ್ ಎಂಬ ಹಿಮನದಿ. ಸ್ಟಾರ್ ವಾರ್ಸ್ ಸರಣಿಯ ಎರಡನೆಯ ಚಿತ್ರದ ಹಿಮಗ್ರಹವನ್ನು 1979ರಲ್ಲಿ ಚಿತ್ರಿಸಿದ್ದು ಅಲ್ಲಿಯೇ. ದಾರಿಯ ಅತಿ ಎತ್ತರದ ಜಾಗ 1,343 ಮೀಟರ್. ಅಲ್ಲಿ ಜುಲೈ ಮಧ್ಯದವರೆಗೂ ಹಿಮದ ರಾಶಿ ದಾರಿಗಡ್ಡ ಇರುತ್ತದೆ, ಸೈಕಲ್ಲನ್ನು ಹೆಗಲಿಗೇರಿಸಿ ದಾಟಬೇಕು. ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಹೋದರೆ ಒಳ್ಳೆಯದು. ಇಳಿಜಾರೇ ಹೆಚ್ಚು ಎಂದು ಕೇಳಿ ಸಲೀಸೆಂದುಕೊಳ್ಳಬಾರದು. ಉರುಟು ಕಲ್ಲಿನ ದಾರಿ, ಗಾಳಿ, ನಡುಬೇಸಿಗೆಯಲ್ಲೂ ಒಮ್ಮೆಲೇ ಬರುವ ಚಳಿಮಳೆ. ಮ್ಯುರ್ದಾಲ್ಸ್‌ಬೆರ್ಗೆಯ ತಿರುವುಗಳಲ್ಲಿ ಇಳಿದು ಸೈಕಲ್ ತಳ್ಳಿಕೊಂಡೇ ಹೋಗಿ. ಬ್ರೇಕ್ ಕಾದು ಹಿಡಿಯದೆ ಬಿದ್ದವರಿದ್ದಾರೆ, ಅಲ್ಲಿ ನಡೆಯುವವರ ಸಂಖ್ಯೆಯೂ ದೊಡ್ಡದು.

ಕೈಯಲ್ಲಿ ನಾಲ್ಕು ದಿನವಿದ್ದು, ಬೆಟ್ಟದ ಅನುಭವವಿದ್ದವರಿಗೆ ಫ್ಲೋಮ್ ಕಣಿವೆಗಿಂತ ಮಿಗಿಲಾದದ್ದು ಪಕ್ಕದ ಔರ್‌ಲಾಂಡ್ಸ್‌ದಾಲೆನ್. ಫಿನ್ಸೆಯಿಂದ ಉತ್ತರಕ್ಕೆ ಹೊರಟು ಗೈಟೆರಿಗ್‌ಹುಟ್ಟಾ, ಸ್ಟೈನ್‌ಬೆರ್ಗ್‌ದಾಲೆನ್, ಓಸ್ತೆರ್ಬೋ ತಂಗುದಾಣಗಳಲ್ಲಿ ಉಳಿಯುತ್ತ ವಾಸ್‌ಬಿಗ್ದಿಗೆ ಇಳಿಯುವ ದಾರಿ ಇದು. ಓಸ್ತೆರ್ಬೋವರೆಗೆ ಬಸ್ಸಿನಲ್ಲಿ ಬಂದು, ಕೊನೆಯ ಸುಮಾರು 20 ಕಿಲೋಮೀಟರನ್ನು ಒಂದೇ ದಿನದಲ್ಲಿ ನಡೆಯುವವರೂ ಬಹಳ. ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಗುರುತು ದಾರಿ ತೋರಿಸುತ್ತದೆ. 1868ರಲ್ಲಿ ಹುಟ್ಟಿದ ನಾರ್ವೆಯ ಪ್ರವಾಸಿ ಸಂಘ ಹಾಕಿದ ಗುರುತುಗಳಿವು. ಆ ಸಂಘದ ಕೆಲವು ಬೆಟ್ಟದ ಮನೆಗಳಲ್ಲಿ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಬೀಗದ ಕೈ ಸದಸ್ಯರಿಗೆ ಸಿಗುತ್ತದೆ, ಉಗ್ರಾಣದಲ್ಲಿ ದಿನಸಿ ಇರುತ್ತದೆ, ತಿಂದದ್ದನ್ನೂ ತಂಗಿದ್ದನ್ನೂ ನೀವೇ ಬರೆದು ಹಣ ಸಲ್ಲಿಸಬೇಕು. ಹೊರಡುವಾಗ ಕಸ ಗುಡಿಸಿ, ಮುಂದಿನವರಿಗೆ ಸೌದೆ ಸೀಳಿಟ್ಟು ಹೋಗಬೇಕು. ಇನ್ನೊಂದು ಅನುಕೂಲ ಕಾನೂನಿನದು: 1957ರ ಕಾಯ್ದೆಯ ಪ್ರಕಾರ ಬೇಸಾಯವಿಲ್ಲದ ಬಯಲು, ಕಾಡು, ಬೆಟ್ಟದಲ್ಲಿ ಯಾರು ಬೇಕಾದರೂ ನಡೆಯಬಹುದು, ಜನವಸತಿಯಿಂದ 150 ಮೀಟರ್ ದೂರದಲ್ಲಿ ಡೇರೆ ಹಾಕಬಹುದು. ಇದು ಜಾಗದ ಒಡೆಯನನ್ನು ಕೇಳಿ ಪಡೆಯುವ ಅನುಮತಿಯಲ್ಲ, ಎಲ್ಲರಿಗೂ ಇರುವ ಹಕ್ಕು. ಔರ್‌ಲಾಂಡ್ಸ್‌ದಾಲೆನ್‌ನ ಗೋಡೆಗೆ ಅಂಟಿಕೊಂಡಂತಿರುವ ಸಿನ್ಯಾರ್‌ಹೈಮ್ ಎಂಬ ಹಳೆಯ ಒಕ್ಕಲುಮನೆಯನ್ನು ಕಂಡಾಗ, ಮಕ್ಕಳು ಮರಿ ದನಕರು ಕಟ್ಟಿಕೊಂಡು ಆ ಅಂಚಿನಲ್ಲಿ ಬದುಕಿದವರ ಧೈರ್ಯ ಎಂಥದ್ದಿರಬೇಕು ಅನಿಸುತ್ತದೆ.

ಯಾವ ದಾರಿಯಲ್ಲಿ ಇಳಿದರೂ ಕೊನೆಗೆ ನೀರು. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ಹೋಗುವ ದೋಣಿ ನೆರೋಯ್‌ಫ್ಯೋರ್ಡ್ ಒಳಹೊಗುತ್ತದೆ. ಅದರ ಅತಿ ಕಿರಿದಾದ ಜಾಗ 250 ಮೀಟರ್, ಎರಡೂ ಕಡೆ ಮುಗಿಲೆತ್ತರದ ಬಂಡೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಹಡಗಿನ ಹೊಗೆ ಚದುರದೆ, ಗಾಳಿಯಿಲ್ಲದ ದಿನ ನೀಲಿ ಪರದೆಯಾಗಿ ನೀರಿನ ಮೇಲೇ ನಿಲ್ಲುತ್ತಿತ್ತು. 2018ರಿಂದ ಪೂರ್ತಿ ಬ್ಯಾಟರಿಯಲ್ಲಿ ಓಡುವ ದೋಣಿ ಇಲ್ಲಿದೆ. ಅದರಲ್ಲಿ ನಿಂತರೆ ದಂಡೆಯ ಜಲಪಾತದ ಸದ್ದು ಕೇಳಿಸುತ್ತದೆ. 10,000 ಗ್ರಾಸ್ ಟನ್ನಿಗಿಂತ ಚಿಕ್ಕ ಪ್ರಯಾಣಿಕ ಹಡಗುಗಳು 2026ರ ಜನವರಿಯಿಂದ ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ ಹೊಗೆಯುಗುಳುವಂತಿಲ್ಲ ಎಂಬುದು ಸರ್ಕಾರದ ನಿಯಮ. ದೊಡ್ಡ ಹಡಗುಗಳಿಗೆ 2032ರವರೆಗೆ ಗಡುವು ಕೊಟ್ಟಿದ್ದಾರೆ. ಹೊಗೆಯ ಬಹುಪಾಲು ದೊಡ್ಡವುಗಳದೇ ಆಗಿರುವಾಗ ಆರು ವರ್ಷದ ಮುಲಾಜು ನನಗೆ ಹೆಚ್ಚೆನಿಸುತ್ತದೆ.

ಬೆರ್ಗೆನ್‌ನಿಂದ ಬೆಳಗ್ಗೆ ಹೊರಟು ರೈಲು, ದೋಣಿ, ಬಸ್ಸು ಬದಲಾಯಿಸುತ್ತ ಸಂಜೆಗೆ ಮರಳುವ ಒಂದೇ ದಿನದ ಪ್ಯಾಕೇಜು ಇದೆ, ಭಾರತದಿಂದ ಹೋಗುವವರಲ್ಲಿ ಹೆಚ್ಚಿನವರು ಕೊಳ್ಳುವುದು ಅದನ್ನೇ. ಅದೇ ಟಿಕೆಟ್ಟುಗಳನ್ನು ಬಿಡಿಬಿಡಿಯಾಗಿ ಕೊಂಡು ನಡುವೆ ಎರಡು ರಾತ್ರಿ ಸೇರಿಸಿದರೆ ಮೇಲಿನ ನಡಿಗೆಗೂ ದೋಣಿಗೂ ಧಾರಾಳ ಸಮಯ ಸಿಗುತ್ತದೆ. ಫ್ಲೋಮ್‌ನ ವಸತಿ ದುಬಾರಿಯಾದರೆ ಬಸ್ಸಿನಲ್ಲಿ ಹತ್ತೇ ನಿಮಿಷ ದೂರದ ಔರ್‌ಲಾಂಡ್‌ನಲ್ಲಿ ವಿಚಾರಿಸಿ. ರೈಲಿನ ಟಿಕೆಟ್ಟನ್ನು ಬೇಸಿಗೆಯಲ್ಲಿ ವಾರಗಟ್ಟಲೆ ಮೊದಲೇ ಕಾಯ್ದಿರಿಸಬೇಕು; ನಡುವಿನ ನಿಲ್ದಾಣದಲ್ಲಿ ಹತ್ತುವ ಯೋಚನೆ ಇದ್ದರೆ ಕಾಯ್ದಿರಿಸುವಾಗಲೇ ಆ ನಿಲ್ದಾಣದ ಹೆಸರು ಹಾಕಿ. ಚೀಲದಲ್ಲಿ ಮಳೆ ಕೋಟು, ಉಣ್ಣೆಯ ಒಂದು ಅಂಗಿ, ಮಧ್ಯಾಹ್ನದ ಊಟ ಇರಲಿ. ಮ್ಯುರ್ದಾಲ್ ನಿಲ್ದಾಣದಲ್ಲಿ ಕಾಫಿ, ತಿಂಡಿ ಸಿಗುತ್ತದೆ. ಅಲ್ಲಿಂದ ಕೋರ್ದಾಲ್‌ವರೆಗೆ ಏನೂ ಇಲ್ಲ.